ತಾಡಪಾಲಿನ ಬಾಲ ಎತ್ತುವ ಜಂಬವ್ವ

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ತೋರಣಗಲ್ಲು ಕಡೆಯ ರಸ್ತೆಬದಿಯ ಬಾಡಿಗೆ ಕಾರುಗಳ ಯಾರ್ಡಿನಲ್ಲಿ, ನಿಂತ ಕಾರಿನೊಳಗೆ ಕಂಪ್ಲಿಯ ಚಾಲಕ ಮಾಲತೇಶ್ ಸತ್ತ. ವಯಸ್ಸು ಇಪ್ಪತ್ತೊಂಬತ್ತು. ಕಾರಿನ ಇಂಜಿನ್ ಚಾಲೂ ಇತ್ತು, ಎಸಿ ಓಡುತ್ತಿತ್ತು. ಟ್ರಾವೆಲ್ಸ್ ಗುತ್ತಿಗೆದಾರ ಬರೆಸಿದ ಕಾಗದದಲ್ಲಿ, ಚಾಲಕ ಆ ಹೊತ್ತಿನಲ್ಲಿ ಕೆಲಸದ ಮೇಲೆ ಇರಲಿಲ್ಲ, ಸ್ವಂತ ನಿರ್ಲಕ್ಷ್ಯದಿಂದ ತೀರಿಕೊಂಡ ಎಂದಿತ್ತು. ಮರುದಿನ ಆ ಕಾರನ್ನು ತೊಳೆದು, ಬೇರೆ ಚಾಲಕನನ್ನು ಹತ್ತಿಸಿ, ಇಬ್ಬರು ಪ್ರವಾಸಿಗರನ್ನು ಹಂಪಿಗೆ ಕಳಿಸಲಾಯಿತು.

ಈಗ ಬೆಳಗಿನ ಐದೂಕಾಲು. ಅದೇ ಯಾರ್ಡು. ಸಂಡೂರಿನ ಗುಡ್ಡಗಳ ಕಡೆಯಿಂದ ಬೀಸುವ ಗಾಳಿಯಲ್ಲಿ ಅದಿರಿನ ಧೂಳು ಕಣ್ಣಿಗೆ ಕಾಣದಿದ್ದರೂ ಹಲ್ಲಿಗೆ ಸಿಗುತ್ತದೆ. ನೂರಾ ನಲವತ್ತು ಕಾರು ಸಾಲುಗಟ್ಟಿ ನಿಂತಿವೆ. ಅರ್ಧಕ್ಕರ್ಧ ಕಾರುಗಳ ಮೇಲೆ ನೀಲಿ ತಾಡಪಾಲು. ಐವತ್ನಾಲ್ಕು ವರ್ಷದ ಜಂಬವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಟವೆಲ್ ಸುತ್ತಿ, ಕೊನೆಯ ಸಾಲಿನಿಂದ ಹೊರಡುತ್ತಾರೆ. ಒಂದೊಂದು ಕಾರಿನ ಬಳಿಯೂ ನಿಂತು ಕಿವಿಗೊಡುತ್ತಾರೆ. ಸದ್ದಿಲ್ಲದಿದ್ದರೆ ಮುಂದಕ್ಕೆ. ತಾಡಪಾಲಿನ ಅಡಿಯಿಂದ ಗುರ್ ಎನ್ನುವ ಸದ್ದು ಬಂತೋ, ನೇರ ಕಾರಿನ ಹಿಂಬದಿಗೆ ಹೋಗುತ್ತಾರೆ. ತಾಡಪಾಲು ಹಾರದಿರಲೆಂದು ಅಂಚಿಗೆ ಹೇರಿದ ಕಲ್ಲುಗಳನ್ನು ಕಾಲಿಂದ ಸರಿಸಿ, ಅದರ ಬಾಲ ಹಿಡಿದೆತ್ತಿ ಕಾರಿನ ನೆತ್ತಿಯ ಮೇಲೆ ಎಸೆಯುತ್ತಾರೆ. ಮುಖವನ್ನು ಆಚೆ ತಿರುಗಿಸಿ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಗಾಜಿಗೆ ಬಡಿಯುವುದು. ಬಡಿಯಲು ಬೆರಳು ಸಾಲುವುದಿಲ್ಲ. ಟೋಕನ್ನಿನ ಹಿತ್ತಾಳೆ ಬಿಲ್ಲೆಯೇ ಬೇಕು.

“ಎದ್ದೇಳಪ್ಪೋ! ಬಂದ್ ಮಾಡಪ್ಪ ಗಾಡಿ!”

ಗಾಜು ನಾಲ್ಕು ಬೆರಳು ಇಳಿಯುತ್ತದೆ. ಉಬ್ಬಿದ ಕಣ್ಣಿನ ಮುಖವೊಂದು ಗೊಣಗುತ್ತದೆ. “ಯವ್ವಾ, ಈಗರ ಕಣ್ಣು ಹತ್ತಿತ್ತು. ನಿನ್ನ ಸೊಸಿ ಆದಾಕಿ ಏನು ಪಾಪ ಮಾಡಿದ್ಲೋ.”

“ನಂಗ ಸೊಸಿ ಇಲ್ಲಲೇ ತಮ್ಮಾ. ಅದಕ್ಕಾ ಆ ಕಾಟನೆಲ್ಲಾ ನಿಂಗ ಕೊಡಾಕತ್ತೀನಿ. ಚಾವಿ ತಿರುವು ಮದ್ಲ.”

ಇಂಜಿನ್ ಸುಮ್ಮನಾಗುವವರೆಗೆ ಅವರು ಕದಲುವುದಿಲ್ಲ. ಬಾಗಿಲು ತೆಗೆಸುತ್ತಾರೆ. ಒಳಗಿನವನು ಇಳಿದು ನೆಲದ ಮೇಲೆ ನಿಲ್ಲಬೇಕು, ತನ್ನ ಹೆಸರು ಹೇಳಬೇಕು. ಹೆಸರು ತಡವರಿಸದೆ ಬಂದರೆ ಸೈ. ಬೈಗುಳ ಬಂದರೆ ಇನ್ನೂ ಒಳ್ಳೆಯದು. “ಬೈಯ್ಯಾಕ ದಮ್ ಐತಂದ್ರ ಮನಸ್ಯಾ ಆರಾಮ ಅದಾನ ಅಂತ ಲೆಕ್ಕ,” ಎಂದು ಮುಂದಿನ ಕಾರಿಗೆ ನಡೆಯುತ್ತಾರೆ.

ಈ ಕೆಲಸವನ್ನು ಯಾರೂ ಅವರಿಗೆ ಹೇಳಿಲ್ಲ. ಜಂಬವ್ವನ ನೌಕರಿ ಇರುವುದು ಗೇಟಿನ ಪಕ್ಕದ ಟೋಕನ್ ಕಟ್ಟೆಯಲ್ಲಿ. ಕಾರು ಬಂದರೆ ನಂಬರ್ ಕೊರೆದ ಬಿಲ್ಲೆ ಕೊಡುವುದು, ಹೋಗುವಾಗ ವಾಪಸು ಪಡೆಯುವುದು, ಅಷ್ಟೇ. ಯಾರ್ಡು ಗುತ್ತಿಗೆದಾರನದು, ಕಾರೂ ಅವನದೇ. ಗಣಿಗೆ, ಕಾರ್ಖಾನೆಗೆ, ಕಚೇರಿಗಳಿಗೆ ಪಾಳಿಯ ಪ್ರಕಾರ ಸಾಹೇಬರನ್ನು ಹೊತ್ತೊಯ್ಯುವ ಕಾರುಗಳಿವು. ಭಾನುವಾರ ಬಂತೆಂದರೆ ಇವೇ ಕಾರುಗಳು ಹೊಸಪೇಟೆ ಸ್ಟೇಷನ್ನಿಗೆ ಹೋಗಿ ಪ್ರವಾಸಿಗರನ್ನು ಹಂಪಿಗೆ ಒಯ್ಯುತ್ತವೆ.

ಕಾರು ಬಿಳಿ ಇರಬೇಕು. ಇದು ಈ ಯಾರ್ಡಿನ ಮೊದಲ ಕಟ್ಟಳೆ. ಕೆಂಪು ಧೂಳು ಹತ್ತಿದ ಕಾರು ಸಾಹೇಬರ ಮುಂದೆ ಹೋಗಿ ನಿಂತರೆ ಮುಂದಿನ ಟ್ರಿಪ್ ಆ ಚಾಲಕನಿಗೆ ಸಿಗುವುದಿಲ್ಲ. ತೊಳೆಯಲು ಟ್ಯಾಂಕರಿನ ನೀರು, ಅದೂ ದಿನಕ್ಕೊಮ್ಮೆ. ಈ ಸೀಮೆಯ ಗಾಳಿಯಲ್ಲಿ ಬೆಳಗ್ಗೆ ತೊಳೆದ ಕಾರು ಮಧ್ಯಾಹ್ನಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ತೊಳೆದ ಕೂಡಲೇ ತಾಡಪಾಲು ಹೊದಿಸುತ್ತಾರೆ. ಚಾಲಕರಿಗೆ ಮಲಗಲು ಕೋಣೆಯಿಲ್ಲ. ನೆರಳಿಗೆ ಒಂದು ಮರವಿಲ್ಲ. ಇದ್ದ ಎರಡು ಬೇವನ್ನು ಕಾರು ತಿರುಗಿಸಲು ಅಡ್ಡವೆಂದು ಕಡಿಸಲಾಯಿತು. ಹದಿನಾರು ತಾಸು ಸ್ಟೇರಿಂಗ್ ಹಿಡಿದವನು ತಾಡಪಾಲಿನ ಅಡಿ ನುಸುಳಿ, ಕಾರು ಹತ್ತಿ, ಸೀಟು ಹಿಂದಕ್ಕೆ ಚಾಚಿ, ಎಸಿ ಹಾಕಿಕೊಂಡು ಕಣ್ಣು ಮುಚ್ಚುತ್ತಾನೆ. ಇಂಜಿನ್ ಕಾಯಬಾರದೆಂದು ತಾಡಪಾಲಿನ ಮುಂದಿನ ಭಾಗ ಮಡಚಿಟ್ಟಿರುತ್ತಾನೆ. ಹಿಂಭಾಗ ಮಾತ್ರ ನೆಲದವರೆಗೆ ಇಳಿದಿರುತ್ತದೆ, ಸೈಲೆನ್ಸರಿನ ಬಾಯಿಯ ಮೇಲೆ. ಗಾಡಿಯನ್ನು ಮಗುವಿನಂತೆ ನೋಡಿಕೊಳ್ಳುವ ಈ ಮಂದಿ, ಅದಕ್ಕೆ ಧೂಳು ತಾಗದಿರಲೆಂದು, ಅದು ಬಿಟ್ಟ ಹೊಗೆಯನ್ನೆಲ್ಲ ತಮ್ಮ ಮೇಲೇ ಹೊದ್ದುಕೊಂಡು ಮಲಗುತ್ತಾರೆ.

ಜಂಬವ್ವ ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದವರು. ಅದಿರಿಗೆ ಬಂಗಾರದ ಬೆಲೆ ಬಂದ ದಿನಗಳಲ್ಲಿ ಗುಡ್ಡದ ಬುಡದಲ್ಲಿ ಕೂತು ಸುತ್ತಿಗೆಯಿಂದ ಅದಿರಿನ ಕಲ್ಲು ಒಡೆದವರು. ಗಣಿ ನಿಂತಾಗ ಕ್ಯಾಂಟೀನಿನ ಪಾತ್ರೆ ತಿಕ್ಕಿದರು. ಗಂಡ ಪಾಲಪ್ಪ ಲಾರಿಗೆ ಅದಿರು ತುಂಬುತ್ತಿದ್ದವರು, ಈಗ ನಾಲ್ಕು ಹೆಜ್ಜೆ ನಡೆದರೆ ಕೆಮ್ಮುತ್ತಾರೆ. ಆದರೂ ಹೆಂಡತಿಗಿಂತ ಮೊದಲೆದ್ದು ಚಹಾ ಕಾಸುವುದು ಅವರೇ. “ಲಾರಿ ತುಂಬಿದ ಕೈಯಾಗ ಸಕ್ಕರಿ ಡಬ್ಬಿ ಕೊಡಬಾರ್ದು ನೋಡ್ರಿ, ಒಂದು ಲೋಡ್ ಹಾಕ್ತಾನ,” ಎಂದು ಜಂಬವ್ವ ನಗುತ್ತಾರೆ. ನಗುವಾಗಲೂ ಅವರ ಕಣ್ಣಿನ ಕೆಳಗಿನ ಕಪ್ಪು ಕದಲುವುದಿಲ್ಲ.

ಟೋಕನ್ ಕಟ್ಟೆಗೆ ಬಂದು ಆರು ವರ್ಷವಾಯಿತು. ಮೊದಲ ಮೂರು ವರ್ಷ ಅವರೂ ಗಾಜು ಬಡಿದವರಲ್ಲ. ಮಲಗಿದ ಚಾಲಕರನ್ನು ಕಂಡು ಪಾಪ, ಮಲಗಲಿ ಎಂದು ದಾಟಿ ಹೋಗುತ್ತಿದ್ದವರೇ.

ಆ ಏಪ್ರಿಲ್‌ನ ಬೆಳಗ್ಗೆ ಮಾಲತೇಶ್ ನಾಲ್ಕೂವರೆಗೆ ಬಂದಿದ್ದ. ಪಾಳಿಯ ಮಂದಿಯನ್ನು ಇಳಿಸಿ, ಕಾರು ತೊಳೆದು, ತಾಡಪಾಲು ಹೊದಿಸುತ್ತಿದ್ದ. ಏಳಕ್ಕೆ ಮತ್ತೆ ಹೊರಡಬೇಕಿತ್ತು. ಗಾಳಿ ಜೋರಾಗಿತ್ತು, ತಾಡಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಮೂರು ಕಲ್ಲು ಇಟ್ಟಿದ್ದ, ಸಾಲಲಿಲ್ಲ.

ಇಲ್ಲಿಗೆ ಬಂದಾಗ ಜಂಬವ್ವನ ಮಾತು ನಿಧಾನವಾಗುತ್ತದೆ. “ನಾಕನೇ ಕಲ್ಲು ನಾ ತಂದು ಕೊಟ್ಟೆ. ನಾನಾ. ‘ಯವ್ವಾ, ನೀ ಇಲ್ಲಂದ್ರ ನಂಗ ನಿದ್ದೀನಾ ಇಲ್ಲ ನೋಡು’ ಅಂದ. ಹಿಂದಿನ ಅಂಚಿಗೆ ನಾನಾ ಇಟ್ಟೆ, ಗಟ್ಟಿ ಕುಂದರ್ಲಿ ಅಂತ. ಕಾಲಿಂದ ಒತ್ತಿದೆ.”

ಆರೂವರೆಗೆ ಅವರು ಆ ಕಾರಿನ ಪಕ್ಕದಲ್ಲೇ ಹಾದುಹೋದರು. ಮುಂದಿನ ಗಾಜಿನಿಂದ ಇಣುಕಿದರು. ಮುಖ ಕೆಂಪಗೆ, ಕಳೆಕಳೆಯಾಗಿ, ಗಾಢ ನಿದ್ದೆಯಲ್ಲಿರುವಂತಿತ್ತು. ಎಬ್ಬಿಸಲಿಲ್ಲ. ಏಳೂಕಾಲಿಗೆ ಫೋನ್ ಎತ್ತುತ್ತಿಲ್ಲವೆಂದು ಯಾರೋ ಬಂದು ಗಾಜು ಒಡೆದಾಗ ಎಲ್ಲ ಮುಗಿದಿತ್ತು.

ಏನಾಯಿತೆಂದು ಯಾರೂ ಸರಿಯಾಗಿ ಹೇಳಲಿಲ್ಲ. ಕುಡಿದಿದ್ದ ಎಂದರು ಕೆಲವರು. ಎದೆ ಒಡೆಯಿತು ಎಂದರು. ದೆವ್ವ ಮೆಟ್ಟಿದೆ ಎಂದು ಆ ಜಾಗದಲ್ಲಿ ನಿಂಬೆಹಣ್ಣು ಕೊಯ್ದರು. ಜಂಬವ್ವನಿಗೆ ಇದ್ಯಾವುದೂ ಒಪ್ಪಿಗೆಯಾಗಲಿಲ್ಲ. ಸೈಲೆನ್ಸರಿನ ಬಾಯಿಯ ಎದುರು ನಾಲ್ಕನೇ ಕಲ್ಲು ಒತ್ತಿದ ಕಾಲು ಸುಮ್ಮನಿರಲು ಬಿಡಲಿಲ್ಲ. ವಾರದ ರಜೆಯ ದಿನ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ, ರಸ್ತೆಬದಿಯಲ್ಲಿ ಸೈಲೆನ್ಸರ್ ವೆಲ್ಡಿಂಗ್ ಮಾಡುವ ಭರಮಣ್ಣನವರ ಅಂಗಡಿಯ ಮುಂದೆ ನಿಂತರು. ದಾರಿಯಲ್ಲಿ ಬಂದುಹೋಗುವಾಗ ನೋಡಿದ ಅಂಗಡಿ, ಅಷ್ಟೇ ಪರಿಚಯ.

ಭರಮಣ್ಣ ಮೊದಲು ನಕ್ಕರಂತೆ. “ಗಾಡಿ ಎಲ್ಲೈತವ್ವಾ?”

“ಗಾಡಿ ಇಲ್ಲಣ್ಣ. ಗಾಡಿಯಾಗ ಮಲಗಿದ ಹುಡುಗ ಹೆಂಗ ಸತ್ತ, ಅಷ್ಟು ಹೇಳು ಸಾಕು.”

ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಭರಮಣ್ಣ ಅಂದು ಹೇಳಿದ್ದನ್ನು ಜಂಬವ್ವ ಇವತ್ತಿಗೂ ಅಕ್ಷರ ಬಿಡದೆ ಒಪ್ಪಿಸುತ್ತಾರೆ. ಭರಮಣ್ಣ ಈಗಲೂ ಅದನ್ನೇ ಹೇಳುತ್ತಾರೆ: “ಹೊಗಿ ವಾಸನಿ ಬರ್ತೈತಲ್ಲ, ಕೊಲ್ಲಾದು ಆ ವಾಸನಿ ಅಲ್ಲ. ಅದರ ಜೊತಿಗೆ ಕಾರ್ಬನ್ ಮೊನಾಕ್ಸೈಡ್ ಅಂತ ಒಂದು ಗ್ಯಾಸ್ ಬರ್ತೈತಿ. ಬಣ್ಣಿಲ್ಲ, ವಾಸನಿ ಇಲ್ಲ. ಕಣ್ಣು ಉರಿಯಂಗಿಲ್ಲ, ಕೆಮ್ಮು ಬರಂಗಿಲ್ಲ. ರಕ್ತದಾಗ ಉಸಿರು ಕುಂದ್ರೋ ಜಾಗಕ್ಕ ಹೋಗಿ ತಾನು ಕುಂದ್ರತೈತಿ. ಒಳಗಿದ್ದಾವ ನಿದ್ದಿ ಬಂತು ಅನ್ಕಂತಾನ.”

ಅದಿರಿನ ಲಾರಿ ಓಡಾಡಿ ಗುಂಡಿ ಬಿದ್ದ ರಸ್ತೆಯಲ್ಲಿ ಕಾರಿನ ಹೊಟ್ಟೆ ಬಡಿದು ಸೈಲೆನ್ಸರಿನ ಜೋಡಣೆ ಸೀಳುತ್ತದೆ, ಆ ಸೀಳಿನಿಂದಲೂ ಹೊಗೆ ನೇರ ಸೀಟಿನ ಕೆಳಗೆ ಏರುತ್ತದೆ ಎಂದು ಭರಮಣ್ಣ ತುಕ್ಕು ಹಿಡಿದ ಒಂದು ಕೊಳವೆ ಎತ್ತಿ ತೋರಿಸಿದ್ದರು. ಗಾಜು ಎರಡು ಬೆರಳು ಇಳಿಸಿ ಮಲಗಿದರೆ ಸಾಕಲ್ಲವೇ ಎಂದು ಜಂಬವ್ವ ಕೇಳಿದ್ದರು. ಯಾರ್ಡಿನ ಮಂದಿಯೆಲ್ಲ ನಂಬಿದ್ದು ಅದನ್ನೇ.

“ಹಿಂದ ಹೊಗಿ ಕಟ್ಕೊಂಡು ನಿಂತೈತಂದ್ರ, ಆ ಎರಡು ಬೆರಳಿನ ಸಂದಿನಾಗ ಅದಾ ಒಳಗ ಬರ್ತೈತವ್ವಾ. ಮಲಗ್ಬೇಕಂದ್ರ ಇಂಜಿನ್ ಬಂದ್. ಇದಕ್ಕ ಇನ್ನೊಂದು ದಾರಿ ಇಲ್ಲ.”

ವಾಪಸು ಬರುವ ಬಸ್ಸಿನಲ್ಲಿ ಜಂಬವ್ವ ಅತ್ತರು. ಮರುದಿನ ಬೆಳಗ್ಗೆ ಮೊದಲ ಗಾಜು ಬಡಿದರು.

ಬಡಿಯುವುದು ಸುಲಭವಿರಲಿಲ್ಲ. ಮೊದಲ ತಿಂಗಳು ಒಬ್ಬ ಅವರ ಮೇಲೆ ಬಾಟಲಿ ನೀರು ಎರಚಿದ. ಇನ್ನೊಬ್ಬ ಮುದಿ ಗೂಬೆ ಎಂದ. ಎಲ್ಲರಿಗಿಂತ ಹೆಚ್ಚು ಕಾಡಿದವರು ಕೊಟ್ರಬಸಪ್ಪ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುವ ಹಳೆಯ ಚಾಲಕ, ಮಾತಿನಮಲ್ಲ. ಜಂಬವ್ವ ಸಾಲಿಗೆ ಬಂದರೆ ಸಾಕು, “ಕೋಳಿ ಬಂತಪ್ಪೋ, ಏಳ್ರಿ, ಮೊಟ್ಟಿ ಇಡತೈತಿ” ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು.

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಬಿಸಿಲು ನಲವತ್ತೆರಡು ದಾಟಿತ್ತು. ಕೊಟ್ರಬಸಪ್ಪನವರಿಗೆ ಸಂಡೂರಿನಿಂದ ಬರುವಾಗಲೇ ತಲೆ ಸಿಡಿಯುತ್ತಿತ್ತು. ಅವರ ಕಾರಿನ ಸೈಲೆನ್ಸರ್ ಹದಿನೈದು ದಿನದಿಂದ ಬಡಬಡಿಸುತ್ತಿತ್ತು. ಗುತ್ತಿಗೆದಾರನ ಆಫೀಸಿಗೆ ಹೇಳಿದರೆ ಮುಂದಿನ ತಿಂಗಳು ನೋಡೋಣ ಎಂದಿದ್ದರು. ಬಿಸಿಲು ಬಡಿದಿದೆ ಎಂದುಕೊಂಡ ಕೊಟ್ರಬಸಪ್ಪ ತಾಡಪಾಲು ಹೊದಿಸಿ, ಒಳಗೆ ಕೂತು ಎಸಿ ಇನ್ನೂ ಜೋರು ಮಾಡಿಕೊಂಡರು. ತಲೆ ತಿರುಗಿತು. ಹೊಟ್ಟೆ ತೊಳಸಿತು. ಅದೂ ಬಿಸಿಲಿನದೇ ಎಂದುಕೊಂಡರು. ಬಳ್ಳಾರಿ ಸೀಮೆಯ ಮೇ ತಿಂಗಳಲ್ಲಿ ತಲೆನೋವಿಗೆ ಬೇರೆ ಕಾರಣ ಹುಡುಕುವವರು ಯಾರು? ಜೀವಕ್ಕೆ ಕುತ್ತು ತಂದಿದ್ದೇ ಆ ತಪ್ಪು.

ಜಂಬವ್ವ ಬಡಿದಾಗ ಅವರು ಕಣ್ಣು ಬಿಟ್ಟರು. ಆದರೆ ಬೈಯಲಿಲ್ಲ.

“ಅಲ್ಲೇ ನಂಗ ಗೊತ್ತಾತು,” ಎನ್ನುತ್ತಾರೆ ಜಂಬವ್ವ. “ಈ ಮನಸ್ಯಾ ಬೈಲಿಲ್ಲಂದ್ರ ಏನೋ ಆಗೈತಿ ಅಂತ. ಕೈ ಬಾಗಿಲ ಮ್ಯಾಲ ತಡವರಿಸ್ತೈತಿ, ಹಿಡಿಕಿ ಸಿಗವಲ್ದು.”

ಒಂದು ಬಾಗಿಲಿಗೆ ಲಾಕ್ ಹಾಕಬಾರದು ಎಂದು ಟೋಕನ್ ಕೊಡುವಾಗಲೇ ಪ್ರತಿಯೊಬ್ಬರಿಗೂ ಹೇಳುವುದು ಜಂಬವ್ವನ ರೂಢಿ. ಕೊಟ್ರಬಸಪ್ಪ ಗೇಲಿ ಮಾಡುತ್ತಲೇ ಅದನ್ನು ಪಾಲಿಸಿದ್ದರು. ಜಂಬವ್ವ ಆ ಬಾಗಿಲು ಎಳೆದು, ಉಸಿರು ಬಿಗಿಹಿಡಿದು ಒಳಗೆ ಬಗ್ಗಿ, ಚಾವಿ ತಿರುವಿ ಇಂಜಿನ್ ನಿಲ್ಲಿಸಿ, ಕಂಕುಳಿಗೆ ಕೈಹಾಕಿ ಎಂಬತ್ತು ಕಿಲೋದ ಆಳನ್ನು ನೆಲಕ್ಕೆ ಎಳೆದುಕೊಂಡರು. ಗಾಳಿ ಬರುವ ಬಯಲಿಗೆ ಜಗ್ಗಿದರು. ಅಲ್ಲೇ ವಾಂತಿಯಾಯಿತು. ಸ್ವಲ್ಪ ಚೇತರಿಸಿಕೊಂಡ ಕೊಟ್ರಬಸಪ್ಪ ಕೇಳಿದ್ದು ಒಂದೇ, “ಭಾಳ ಬಿಸಿಲು, ಎಸಿಯಾಗ ಕುಂದ್ರಸವ್ವಾ.”

“ಕುಂದ್ರಸ್ತೀನಿ ತಡಿ, ಸೀದಾ ಹೂಳೋ ಕುಣ್ಯಾಗ,” ಎಂದ ಜಂಬವ್ವ ಅವರ ಭುಜ ಒತ್ತಿ ಹಿಡಿದರು. ಇನ್ನೊಬ್ಬ ಚಾಲಕನಿಗೆ ಹೇಳಿ 108ಕ್ಕೆ ಫೋನ್ ಮಾಡಿಸಿದರು. ಆಂಬುಲೆನ್ಸ್ ಬರುವವರೆಗೆ ಮಾತಾಡಿಸುತ್ತ ಕೂತರು. ಮಗಳ ಹೆಸರೇನು, ಅಳಿಯ ಏನು ಮಾಡುತ್ತಾನೆ ಎಂದೆಲ್ಲ. ಹೊರಗೆ ಬಂದು ಆರಾಮೆನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ರಕ್ತದೊಳಗೆ ಹೊಕ್ಕ ಗ್ಯಾಸ್ ಲಗೂನೆ ಬಿಡುವುದಿಲ್ಲ ಎಂದು ಆಂಬುಲೆನ್ಸಿನವರು ಹೇಳಿದರು. ಅಂದಿನಿಂದ ಜಂಬವ್ವ ಅದನ್ನೂ ತಮ್ಮ ಮಾತಿಗೆ ಸೇರಿಸಿಕೊಂಡಿದ್ದಾರೆ. ಟೋಕನ್ ಕೊಡುವಾಗ ಅವರು ಅನ್ನುವುದು ಇಷ್ಟು: “ತಲಿ ನೊಂದ್ರ, ತಲಿ ತಿರುಗಿದ್ರ, ವಾಂತಿ ಬಂದಂಗಾದ್ರ ಬಿಸಿಲು ಅನ್ಕೋಬ್ಯಾಡ. ಮದ್ಲ ಹೊರಗ ಬಾ. ತಿರುಗಿ ಒಳಗ ಹೋಗಬ್ಯಾಡ. ನನ್ನ ಕೂಗು.”

ಕೊಟ್ರಬಸಪ್ಪ ಎರಡು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲಿದ್ದು ಬಂದರು. ಈಗಲೂ ಕೋಳಿ ಎಂದೇ ಕರೆಯುತ್ತಾರೆ. ಆದರೆ ತಾಡಪಾಲಿನ ಬಾಲವನ್ನು ತಾವೇ ಮೇಲಕ್ಕೆ ಕಟ್ಟುತ್ತಾರೆ, ಇಂಜಿನ್ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಬೆವರುತ್ತ ಮಲಗುತ್ತಾರೆ. ಕಾರಿನೊಳಗೆ ಕೆಂಪು ಧೂಳು ತುಂಬಿದ್ದಕ್ಕೆ ಎರಡು ಸಲ ಟ್ರಿಪ್ ತಪ್ಪಿದೆ.

ಮೂರು ವರ್ಷದಲ್ಲಿ ಜಂಬವ್ವ ಹೀಗೆ ಮಂಪರು ಬಡಿದವರನ್ನು ಹೊರಗೆಳೆದದ್ದು ಹನ್ನೊಂದು ಸಲ. ಅದರಲ್ಲಿ ನಾಲ್ವರು ಆಸ್ಪತ್ರೆ ಕಂಡರು. ಒಬ್ಬರೂ ಸಾಯಲಿಲ್ಲ. ಬೆಳಗ್ಗೆ ಮೂರು ಸುತ್ತು, ಮಧ್ಯಾಹ್ನ ಎರಡು. ಒಂದು ಸುತ್ತಿಗೆ ಮುಕ್ಕಾಲು ತಾಸು. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಬಿಲ್ಲೆ ಹಿಡಿದು ಜಡ್ಡುಗಟ್ಟಿದೆ. ಎಡ ಮೊಣಕಾಲು ಬಾತಿದೆ. ಡಾಕ್ಟರು ನಡೆಯಬೇಡಿ ಎಂದಿದ್ದಾರೆ. ನಡುವೆ ಗೇಟಿಗೆ ಕಾರು ಬಂದರೆ ಓಡಿಹೋಗಿ ಟೋಕನ್ ಕೊಟ್ಟು ಬರಬೇಕು. ಮನೆಗೆ ಹೋದ ಮೇಲೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಮಲಗಿದರೆ ಕಿವಿಯಲ್ಲಿ ಇಂಜಿನ್ ಗುರುಗುಟ್ಟುತ್ತದಂತೆ. ಒಮ್ಮೊಮ್ಮೆ ಎದ್ದು ಕೂತು, ಪಕ್ಕದಲ್ಲಿ ಪಾಲಪ್ಪ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡುತ್ತಾರಂತೆ.

“ಸಾಕಾಗೈತ್ರಿ ನಂಗ,” ಎನ್ನುತ್ತಾರೆ ಯಾವ ನಾಟಕವೂ ಇಲ್ಲದೆ. “ನಾ ಏನ್ ದೊಡ್ಡ ಕೆಲಸ ಮಾಡಾಕತ್ತಿಲ್ಲ. ಒಂದು ಶೆಡ್ ಹಾಕ್ಲಿ, ಆರು ಫ್ಯಾನ್, ಚಾಪಿ. ಕಾರು ಕಾರಿನ ಜಾಗದಾಗ ನಿಲ್ಲಲಿ, ಮನಸ್ಯಾ ಮನಸ್ಯಾನ ಜಾಗದಾಗ ಮಲಗ್ಲಿ. ಆಮ್ಯಾಲೆ ನಾ ಒಂದು ವಾರ ನಿದ್ದಿ ಮಾಡ್ತೀನಿ, ಯಾರೂ ಎಬ್ಬಿಸಬ್ಯಾಡ್ರಿ.”

ಈ ಶೆಡ್ಡಿಗಾಗಿ ನಲವತ್ತೆರಡು ಚಾಲಕರು ಸಹಿ ಹಾಕಿದ ಅರ್ಜಿ ಗುತ್ತಿಗೆದಾರನ ಆಫೀಸಿಗೆ ಹೋಗಿ ಎಂಟು ತಿಂಗಳಾಯಿತು. ಶೆಡ್ ಬರಲಿಲ್ಲ. ಕಳೆದ ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಆಫೀಸಿನ ಸೂಪರ್‌ವೈಸರ್ ಕಿರಣ್ ಕುಮಾರ್ ಬಂದರು, ಕೈಯಲ್ಲೊಂದು ಟೈಪಾದ ಹಾಳೆ ಹಿಡಿದು.

“ಜಂಬವ್ವಾರ, ಇದರಾಗ ಒಂದು ಸಹಿ ಮಾಡಿಬಿಡ್ರಿ.”

ಜಂಬವ್ವನಿಗೆ ಸಹಿ ಮಾಡಲು ಬರುತ್ತದೆ, ಟೈಪಾದದ್ದನ್ನು ಓದುವುದು ಕಷ್ಟ. ಹಾಳೆಯನ್ನು ಕೊಟ್ರಬಸಪ್ಪನವರ ಕೈಗೆ ಕೊಟ್ಟರು. ಅವರು ಎಲ್ಲರಿಗೂ ಕೇಳುವಂತೆ ಓದಿದರು. ಟೋಕನ್ ಸಿಬ್ಬಂದಿ ಕಟ್ಟೆ ಬಿಟ್ಟು ಹೋಗತಕ್ಕದ್ದಲ್ಲ. ನಿಂತ ವಾಹನಗಳನ್ನು ಮುಟ್ಟತಕ್ಕದ್ದಲ್ಲ. ಚಾಲಕರ ವಿಶ್ರಾಂತಿಗೆ ಭಂಗ ತರತಕ್ಕದ್ದಲ್ಲ.

“ವಿಶ್ರಾಂತಿ ಅಂತ!” ಕೊಟ್ರಬಸಪ್ಪ ಹಾಳೆಯಿಂದ ತಲೆಯೆತ್ತಿದರು. “ಯಾವಾಗ ಕೊಟ್ಟಿದ್ರಿ ಸಾರ್, ಭಂಗ ಬರಾಕ?”

ಸುತ್ತ ನಿಂತವರು ನಕ್ಕರು. ಕಿರಣ್ ಕುಮಾರ್ ನಗಲಿಲ್ಲ. ಜಂಬವ್ವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. “ನೋಡ್ರಿ, ನಿಮ್ಮ ಮ್ಯಾಲ ಸಿಟ್ಟಿಲ್ಲ. ನಮ್ಮ ಯಾರ್ಡಿನಾಗ ಒಬ್ಬರು ದಿನಾ ಗಾಜು ಬಡೀತಾರ ಅಂದ್ರ, ಇಲ್ಲಿ ಅಪಾಯ ಐತಿ ಅಂತ ನಮಗ ಗೊತ್ತಿತ್ತು ಅಂದಂಗಾತು. ನಾಳೆ ಏನರ ಆದ್ರ, ಅವತ್ತು ಯಾಕ ಬಡೀಲಿಲ್ಲ ಅಂತ ಕೇಳ್ತಾರ. ಬಡಿಯಾದು ನಿಂತ್ರ ಕೇಳಾದೂ ನಿಲ್ತೈತಿ.”

“ಗೊತ್ತಿಲ್ಲೇನ್ರಿ ನಿಮಗ, ಅಪಾಯ ಐತಿ ಅಂತ?”

ಕಿರಣ್ ಕುಮಾರ್ ಫೋನ್ ನೋಡಿಕೊಂಡರು. “ಅದು ಬ್ಯಾರೆ ಮಾತು. ಸಹಿ ಆಗಲಿಲ್ಲಂದ್ರ ಸೋಮವಾರದಿಂದ ಟೋಕನ್ ಕಟ್ಟಿಗೆ ಬ್ಯಾರೆಯವರನ್ನ ಕಳಿಸ್ತಾರ. ನಾನೂ ನೌಕರಿ ಮಾಡಾವ, ನನ್ನ ಕೈಯಾಗ ಏನೈತಿ? ನಿಮ್ಮ ಮನಿಯಾಗ ಪಾಲಪ್ಪನೋರ ಔಷಧಕ್ಕ ಬೇಕಲ್ರಿ ಈ ಪಗಾರ.”

ಆ ಮಾತು ನಾಟಿತು. ಜಂಬವ್ವ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು, ಟವೆಲ್ ಕೆಂಪಾಯಿತು. ಕಿರಣ್ ಕುಮಾರ್ ಪೆನ್ನಿನ ಕ್ಯಾಪ್ ತೆಗೆದು ಮುಂದೆ ಹಿಡಿದೇ ಇದ್ದರು.

“ಸಾಹೇಬ್ರ, ಕೆಲಸ ಬಿಡು ಅನ್ರಿ, ಬಿಡ್ತೀನಿ. ಬಿಲ್ಲಿ ವಾಪಸ್ ಕೊಡು ಅನ್ರಿ, ಕೊಡ್ತೀನಿ. ಇಂಜಿನ್ ಚಾಲೂ ಐತಿ, ಒಳಗ ಮನಸ್ಯಾ ಅದಾನ, ನೀ ನೋಡ್ಕೊಂತ ಕುಂದ್ರು ಅಂದ್ರ, ಅದು ಒಂದು ನನ್ನ ಕಡಿಂದ ಆಗಂಗಿಲ್ಲ.”

“ಹಟ ಮಾಡಬ್ಯಾಡ್ರಿ.” ಕಿರಣ್ ಕುಮಾರ್ ಕಟ್ಟೆಯ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಅವರ ಮುಂದಿಟ್ಟರು. “ಮದ್ಲ ಕುಂದ್ರಿ ಇಲ್ಲಿ. ಕುಂತು ಸಮಾಧಾನದಿಂದ ಯೋಚ್ನಿ ಮಾಡ್ರಿ.”

“ಇಲ್ರಿ,” ಎಂದರು ಜಂಬವ್ವ. “ನಾ ಕುಂದ್ರಂಗಿಲ್ಲ.”